ನೀರಿನ ಹಾಡಿಗೊಂದು ಸ್ಟುಡಿಯೋ

ಗಿನೆಪ್ ಲೇನಿನ ನಮ್ಮ ವಠಾರದ ನಲ್ಲಿ ನೀರು ಕೊಡುತ್ತಿರಲಿಲ್ಲ. ಸದ್ದು ಮಾತ್ರ ಕೊಡುತ್ತಿತ್ತು. ಎವರಾಲ್ಡ್ ಪಿನಕ್‌ನ ಕಷ್ಟ ಶುರುವಾದದ್ದು ಆ ಸದ್ದಿನಿಂದ.

ಕಿಂಗ್‌ಸ್ಟನ್ನಿನ ಕೆಳಪೇಟೆಯಲ್ಲಿ ಯಾರೂ ನಲ್ಲಿ ಮುಚ್ಚುವುದಿಲ್ಲ. ಮುಚ್ಚಿದರೆ ಬರುವ ನೀರಿಗೆ ಬಾಗಿಲು ಹಾಕಿದ ಹಾಗೆ. ಸದಾ ತೆರೆದಿಟ್ಟು, ಕೆಳಗೊಂದು ತಗಡಿನ ಬೋಗುಣಿಯನ್ನು ಬೋರಲು ಹಾಕಿರುತ್ತಾರೆ. ಹಗಲೋ ರಾತ್ರಿಯೋ, ನೀರು ಬಂದರೆ ಬೋಗುಣಿ ತಮಟೆಯ ಹಾಗೆ ಬಡಿದುಕೊಳ್ಳುತ್ತದೆ, ವಠಾರಕ್ಕೆ ವಠಾರವೇ ಬಕೆಟ್ಟು ಹಿಡಿದು ಓಡುತ್ತದೆ. ಉಳಿದ ಹೊತ್ತೆಲ್ಲ ಖಾಲಿ ಕೊಳವೆ ದಮ್ಮಿನ ರೋಗಿಯಂತೆ ಸುಯ್ಯೆಂದು ಉಸಿರು ಬಿಡುತ್ತಿರುತ್ತದೆ. ಆ ಉಸಿರಿಗೆ ನಮ್ಮ ಕಿವಿ ಎಷ್ಟು ಒಗ್ಗಿದೆಯೆಂದರೆ ನಮಗದು ಕೇಳಿಸುವುದೇ ಇಲ್ಲ. ಎವರಾಲ್ಡನ ಮೈಕಿಗೆ ಕೇಳಿಸಿತು.

ಎವರಾಲ್ಡ್ ಮಿನಿಬಸ್ಸಿನ ಕಂಡಕ್ಟರ್. ಬಾಗಿಲಿಗೆ ನೇತುಬಿದ್ದು ಸ್ಟಾಪುಗಳ ಹೆಸರು ಕೂಗುವುದು ಅವನ ಕಸುಬು. ಅವನ ಕೂಗನ್ನು ಇಡೀ ಪೇಟೆ ಕೇಳಿತ್ತು, ಹಾಡನ್ನು ಒಬ್ಬರೂ ಕೇಳಿರಲಿಲ್ಲ. ಈಗ ಅವನೊಂದು ಹಾಡು ಕಟ್ಟಿದ್ದ. ನೀರು ನಮ್ಮ ಲೇನಿನ ನೆಲದಡಿಯಲ್ಲೇ ಹರಿದು, ನಮಗೆ ಮುಖ ತೋರಿಸದೆ, ಗುಡ್ಡದ ಮೇಲಿನ ಹೋಟೆಲಿನ ಈಜುಕೊಳಕ್ಕೆ ಹೋಗುತ್ತದೆ. ಅಲ್ಲಿ ಒಬ್ಬನ ಬೊಜ್ಜು ತೇಲಿಸುವ ನೀರಿನಲ್ಲಿ ಇಲ್ಲಿ ಒಂದು ಕೇರಿಯ ತೊಗರಿಕಾಳು ಬೇಯುತ್ತಿತ್ತು ಅನ್ನುವ ಹಾಡು. ಕೇಳಿದರೆ ಕಲ್ಲಿಗೂ ಸಿಟ್ಟು ಬರಬೇಕು, ಹಾಗಿತ್ತು.

ಅವತ್ತು ಸಂಜೆ ಲೇನಿನಲ್ಲಿ ಕೌನ್ಸಿಲರ್ ಸಾಹೇಬರ ಖರ್ಚಿನಲ್ಲಿ ಕುಣಿತ. ಚುನಾವಣೆ ಹತ್ತಿರ ಬಂದಾಗ ಅವರಿಗೆ ನಮ್ಮ ಕಾಲುಗಳ ಮೇಲೆ ಪ್ರೀತಿ ಉಕ್ಕುತ್ತದೆ. ಆಳೆತ್ತರದ ಪೆಟ್ಟಿಗೆಗಳ ಸೌಂಡ್ ಸೆಟ್ ಸ್ಟ್ಯಾಫರ್ಡನದು. ಕೌನ್ಸಿಲರ್ ವೇದಿಕೆ ಹತ್ತುವ ಹೊತ್ತಿಗೆ ಸರಿಯಾಗಿ ಎವರಾಲ್ಡನ ಹಾಡು ಹಾಕುತ್ತೇನೆಂದು ಅವನು ಮಾತು ಕೊಟ್ಟಿದ್ದ.

"ನಮ್ಮಮ್ಮನ ನಲ್ಲೀಲೂ ಬರೀ ಗಾಳಿನೇ ಬರೋದು. ಹಾಕ್ತೀನಿ. ಆದ್ರೆ ರೆಕಾರ್ಡಿಂಗು ಚೊಕ್ಕವಾಗಿರ್ಬೇಕು ಮಗಾ. ಕೋಳಿ ಕೂಗಿದ್ದು, ಡಾಮಿನೋ ಕುಟ್ಟಿದ್ದು ಕೇಳಿಸ್ತೋ, ವಾಪಸ್. ನಾಲ್ಕು ಗಂಟೆಗೆ ಬರ್ತೀನಿ, ರೆಡಿ ಇಟ್ಟಿರು."

ಸಾಹೇಬರಿಗೆ ಅವಮಾನವಾದರೆ ಮಾತ್ರ ನೀರಿನ ಲಾರಿ ಬರುತ್ತದೆ ಎಂಬುದು ಲೇನಿನ ಅನುಭವ. ಹಿಂದೊಮ್ಮೆ ಟೀವಿಯವರ ಮುಂದೆ ನಮ್ಮ ವಠಾರದ ಹಿರಿಯಳು ಮಿಸ್ ಐಸಿಲ್ಡಾ ಖಾಲಿ ಬಕೆಟ್ಟನ್ನು ಕೌನ್ಸಿಲರ ತಲೆಗೆ ಟೋಪಿಯಂತೆ ತೊಡಿಸಲು ಹೋದ ಮಾರನೆಯ ದಿನವೇ ಲಾರಿ ಬಂದಿತ್ತು. ಹಾಗಾಗಿ ಈ ಹಾಡು ಹಾಡಲ್ಲ, ನಮ್ಮ ಪಾಲಿನ ಒಂದು ಲಾರಿ ನೀರು.

ಆ ನೀರನ್ನು ಹಿಡಿಯಲು ಎವರಾಲ್ಡ್ ಒಂದು ಸ್ಟುಡಿಯೋ ಕಟ್ಟಿದ. ಅದು ಒಂದು ಸೂಟ್‌ಕೇಸಿನಲ್ಲಿ ಹಿಡಿಯುತ್ತಿತ್ತು. ಮುಚ್ಚಿಹೋದ ಯಾವುದೋ ಆಫೀಸಿನ ಲ್ಯಾಪ್‌ಟಾಪು, ಕರೆಂಟಿನ ವಯರು ಕಿತ್ತರೆ ಆ ಕ್ಷಣವೇ ಪ್ರಾಣ ಬಿಡುವಂಥದು. ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ ಇಳಿಸುವ ಪುಟ್ಟ ಪೆಟ್ಟಿಗೆ. ಅದರ ಗುಂಡಿ ಕಳೆದುಹೋಗಿ, ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ತಿರುಗಿಸಬೇಕಿತ್ತು. ಸಾವಿನ ಮನೆಗಳಲ್ಲಿ ಭಾಷಣ ಮಾಡುವವನೊಬ್ಬ ಮಾರಿದ ಮೈಕು, ಬಾಯಿ ಹತ್ತಿರ ತಂದರೆ ಈಗಲೂ ರಮ್ಮಿನ ವಾಸನೆ. ಒಂದು ಕಿವಿ ಮಾತ್ರ ಕೇಳುವ ಹೆಡ್‌ಫೋನು. ಉಳಿದದ್ದೆಲ್ಲ ವಠಾರದ್ದು. ಪ, ಬ ಅಕ್ಷರಗಳ ಉಸಿರು ಮೈಕಿಗೆ ಬಡಿಯದಂತೆ ತಂತಿಯ ಬಳೆಗೆ ಬಿಗಿದ ಕಾಲುಚೀಲ ಮಿಸ್ ಐಸಿಲ್ಡಾಳದು. ಬೋಗುಣಿಯೂ ಅವಳದೇ, ನಲ್ಲಿಯ ಕಾವಲೂ ಅವಳದೇ. ಸೂಟ್‌ಕೇಸು, ಕರೆಂಟಿನ ಉದ್ದ ವಯರು, ಗೋಡೆಗೆ ಒರಗಿಸಿದ ಹಾಸಿಗೆಗಳು ಪಕ್ಕದ ಕೋಣೆಯ ಸಿಸ್ಟರ್ ಪರ್ಮೀಲಿಯಾಳವು. ಅವಳು ಚರ್ಚಿನ ಹಾಡುಗಾರ್ತಿ. ಎಲ್ಲವನ್ನೂ ಹೊತ್ತು ನಿಲ್ಲುವ ಕೈಗಾಡಿ ಎಳನೀರು ಮಾರುವ ಮಾಸ್ ಲೆಬರ್ಟನದು. ಸಾಮಾನು ಹೇರಿದ ಮೇಲೆ ಎವರಾಲ್ಡ್ ದೂರ ನಿಂತು ನೋಡಿದ. ಚಕ್ರದ ಮೇಲೆ ನಿಂತ ಬಡವರ ಅರಮನೆ.

"ನಿಮ್ಮೆಲ್ಲರ ಋಣ ಹ್ಯಾಗೆ ತೀರಿಸ್ಲಿ?" ಅಂದ.

ಅನ್ನಬಾರದಿತ್ತು. ತೀರಿಸುವ ದಾರಿ ಮೂವರಿಗೂ ಗೊತ್ತಿತ್ತು. ನಮ್ಮಲ್ಲಿ ಕುಣಿತದ ಹಾಡು ಸುಮ್ಮನೆ ಶುರುವಾಗುವುದಿಲ್ಲ. ಮೊದಲು ಬೇಕಾದವರ ಹೆಸರು ಕೂಗಬೇಕು. ಪೆಟ್ಟಿಗೆಯಲ್ಲಿ ಹೆಸರು ಮೊಳಗಿದವನು ಒಂದು ವಾರ ಲೇನಿನಲ್ಲಿ ಎದೆ ಉಬ್ಬಿಸಿ ನಡೆಯುತ್ತಾನೆ. ಮೂವರೂ ತಮ್ಮ ತಮ್ಮ ಹೆಸರು ಬರಬೇಕೆಂದರು. ಎವರಾಲ್ಡ್ ಸಂತೋಷದಿಂದ ಒಪ್ಪಿದ. ಅವನ ಮನಸ್ಸು ಅಂಥದು. ಬಸ್ಸಿನಲ್ಲಿ ಟಿಕೆಟ್ಟು ತೆಗೆದುಕೊಂಡವರಿಗೂ ಕೈಮುಗಿಯುವವನು.

ಬೆಳಿಗ್ಗೆ ಅಂಗಳದಲ್ಲೇ ಮೊದಲ ಸಲ ಹಾಡಿದ. ಬೊಜ್ಜಿನ ಸಾಲಿಗೆ ಬರುವಷ್ಟರಲ್ಲಿ ಹುಂಜ ಕೂಗಿತು. ಸಹಾಯಕ್ಕೆಂದು ಮಾಸ್ ಲೆಬರ್ಟ್ ಅದನ್ನು ಅಟ್ಟಿಸಿಕೊಂಡು ಹೋಗಿ, ವಯರಿಗೆ ಕಾಲು ಸಿಕ್ಕಿಸಿಕೊಂಡು ಬಿದ್ದ. ಲ್ಯಾಪ್‌ಟಾಪು ಪ್ರಾಣ ಬಿಟ್ಟಿತು. ಅದು ಕಣ್ಣು ಬಿಡುವ ಹೊತ್ತಿಗೆ ಮಾವಿನ ಮರದಡಿ ಡಾಮಿನೋ ಶುರುವಾಗಿತ್ತು. ಕಾಯಿಯನ್ನು ಹಲಗೆಗೆ ಮೊಳೆ ಹೊಡೆದಂತೆ ಕುಟ್ಟದಿದ್ದರೆ ಅದು ಆಟವೇ ಅಲ್ಲ. ಮೆತ್ತಗೆ ಇಡಿ ಎಂದು ಎವರಾಲ್ಡ್ ಕೇಳಿಕೊಂಡಾಗ, ಮೆತ್ತಗೆ ಇಡುವವನು ಸೋಲೊಪ್ಪಿಕೊಂಡ ಹಾಗೆ ಎಂದು ಆಟಗಾರರು ಅವನಿಗೇ ನ್ಯಾಯ ಹೇಳಿದರು. ಅವರನ್ನು ಬೈಯಲು ಬಂದ ಸಿಸ್ಟರ್ ಪರ್ಮೀಲಿಯಾ ಬೈಗುಳ ಮುಗಿಸಿ, ಪಾಪಕ್ಕೆ ಪರಿಹಾರವಾಗಿ ಕೀರ್ತನೆ ಎತ್ತಿಕೊಂಡಳು. ಅವಳ ಕೀರ್ತನೆಗೆ ಒಂಬತ್ತು ಚರಣ.

ಮಧ್ಯಾಹ್ನದ ಹೊತ್ತಿಗೆ ಹುಂಜ ಬುಟ್ಟಿಯಡಿ ಸೇರಿತ್ತು. ಕುಟ್ಟುವುದನ್ನು ಬಿಡಲಾಗದ ಆಟಗಾರರು ಆಟವನ್ನೇ ಬಿಟ್ಟು, ಊಟಕ್ಕೆಂದು ಮೂಲೆಯ ಅಂಗಡಿಗೆ ಹೋಗಿದ್ದರು. ಕೀರ್ತನೆ ಮುಗಿದಿತ್ತು, ಉಳಿದವರೆಲ್ಲ ಕೆಲಸಕ್ಕೆ ಹೋಗಿದ್ದರು. ಹಬೆಯಾಡುವ ಬಿಸಿಲಿನಲ್ಲಿ ವಠಾರ ಮೊದಲ ಸಲ ಬಾಯಿ ಮುಚ್ಚಿತು. ಎವರಾಲ್ಡ್ ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿದ. ಸುಯ್ಯ್.

ಎದ್ದು ಹುಡುಕಿದ. ಲ್ಯಾಪ್‌ಟಾಪಿನದಲ್ಲ, ಪೆಟ್ಟಿಗೆಯದಲ್ಲ. ನಲ್ಲಿಯದು. ಗಾಡಿಯನ್ನು ತನ್ನ ಕೋಣೆಗೆ ತಳ್ಳಿದ, ಕಿಟಕಿಗೆ ಹಾಸಿಗೆ ತುರುಕಿದ. ಆದರೂ ನಲ್ಲಿ ಅವನ ಕಿವಿಯಲ್ಲಿ ಉಸಿರಾಡುತ್ತಲೇ ಇತ್ತು. ಉಳಿದದ್ದು ಒಂದೇ ದಾರಿ. ನಲ್ಲಿಯ ಕಾವಲುಗಾರ್ತಿಯ ಬಳಿ ಹೋಗಿ ಕೇಳಿದ.

ಮಿಸ್ ಐಸಿಲ್ಡಾ ಕೂತಲ್ಲಿಂದ ಏಳಲಿಲ್ಲ. "ನಲ್ಲಿ ಮುಚ್ಚೋದಾ? ಈ ನಲ್ಲಿ ಬಂದಾಗಿಂದ ಅದರ ಕಿವಿ ಯಾರೂ ಹಿಂಡಿಲ್ಲ ಕಣೋ. ನನ್ನ ಗಂಡ ಸತ್ತ ದಿನಾನೂ ಅದು ತೆರೆದೇ ಇತ್ತು."

"ಒಂದು ಹಾಡಿನ ಹೊತ್ತು ಅಷ್ಟೇ, ಮಿಸ್ ಐಸಿಲ್ಡಾ. ನೀರು ಬರ್ಲಿ ಅಂತಾನೇ ಅಲ್ವಾ ಮುಚ್ಚೋದು?"

ಮುದುಕಿ ಈ ಮಾತನ್ನು ಬಾಯೊಳಗೆ ಉಪ್ಪುಮೀನಿನ ತುಂಡಿನ ಹಾಗೆ ಅತ್ತಿಂದಿತ್ತ ಹೊರಳಿಸಿದಳು. ಹದಿಮೂರು ದಿನದಿಂದ ಬಾರದ ನೀರು ಒಂದು ಹಾಡಿನ ಹೊತ್ತಿನಲ್ಲಿ ಬಂದೀತೇ? ಎದ್ದು, ತನ್ನ ಕೈಯಿಂದಲೇ ನಲ್ಲಿ ತಿರುಗಿಸಿ, ಬೋಗುಣಿಯ ಬೆನ್ನು ತಟ್ಟಿ ಬಂದಳು.

ಮೂವರೂ ಎವರಾಲ್ಡನ ಕೋಣೆ ಹೊಕ್ಕರು. ತಮ್ಮ ಹೆಸರು ಸರಿಯಾಗಿ ಬಂತೋ ಇಲ್ಲವೋ ನೋಡಬೇಕಲ್ಲ. ಬಾಗಿಲಿಗೂ ಒಂದು ಹಾಸಿಗೆ ಒರಗಿತು. ಒಳಗೆ ಎಳನೀರಿನ ಚಿಪ್ಪಿನೊಳಗಿನ ಕತ್ತಲೆ, ನಾಲ್ಕು ಜನರ ಬೆವರು, ಮೈಕಿನ ರಮ್ಮು. ಎವರಾಲ್ಡ್ ಶುರು ಮಾಡಿದ.

"ಥ್ಯಾಂಕ್ಸ್ ಮಾಸ್ ಲೆಬರ್ಟಿಗೆ, ಥ್ಯಾಂಕ್ಸ್ ಪರ್ಮೀಲಿಯಾಗೆ, ಥ್ಯಾಂಕ್ಸ್ ಮಿಸ್ ಐಸಿಲ್ಡಾಗೆ. ಕೊಟ್ಟವರ ಹೊಟ್ಟೆ ತಣ್ಣಗಿರಲಿ."

ಪರ್ಮೀಲಿಯಾ ನಿಲ್ಲಿಸಿದಳು. ಸಿಸ್ಟರ್ ಎಲ್ಲಿ ಹೋಯಿತು? ಅದನ್ನು ಸೇರಿಸಿ ಮತ್ತೆ ಹಾಡಿದ. ಹಿರಿಯಳ ಹೆಸರು ಕೊನೆಗೆ ಬರುವುದೇ ಎಂದು ಮಿಸ್ ಐಸಿಲ್ಡಾ ಮುಖ ತಿರುಗಿಸಿದಳು. ಅವಳನ್ನು ಮುಂದೆ ತಂದರೆ ಲೆಬರ್ಟನಿಗೆ ಬೇಸರ. ಗಾಡಿಯಿಲ್ಲದೆ ಸ್ಟುಡಿಯೋ ನೆಲದ ಮೇಲಿರುತ್ತಿತ್ತಲ್ಲ ಎಂಬುದು ಅವನ ವಾದ. ಈ ಜಗಳದಲ್ಲೇ ಒಂದು ಗಂಟೆ ಕಳೆದು, ಕೊನೆಗೆ ಎವರಾಲ್ಡ್ ಎಲ್ಲರ ಹೆಸರನ್ನೂ ಸುತ್ತಿಗೊಬ್ಬರಂತೆ ಮೊದಲು ಬರುವ ಹಾಗೆ ಮೂರು ಸುತ್ತು ಹಾಡಿದ. ಅವನಿಗೆ ಬೇಸರವಾಗಲಿಲ್ಲ. ಹಾಸಿಗೆ ಕೊಟ್ಟು ನೆಲದ ಮೇಲೆ ಮಲಗುವವರು, ಗಾಡಿ ಕೊಟ್ಟು ಒಂದು ದಿನದ ವ್ಯಾಪಾರ ಬಿಟ್ಟವರು. ಅವರ ಹೆಸರು ಎಷ್ಟು ಸಲ ಕೂಗಿದರೂ ಕಡಿಮೆಯೇ ಅನ್ನಿಸಿತು.

ಮೂರನೆಯ ಸುತ್ತಿನಲ್ಲಿ ಹೆಡ್‌ಫೋನಿನ ಒಂಟಿ ಕಿವಿಯಲ್ಲಿ ಒಂದು ವಿಚಿತ್ರ ಕೇಳಿಸಿತು. ದೂರದಿಂದ, ಮೆತ್ತಗೆ, ಧಂ, ಧಂ, ಧಂ. ತಾಳಕ್ಕೆ ತಕ್ಕ ಹಾಗೆ. ಅದರ ಹಿಂದೆ ಮಳೆ ಹನಿಯುವಂಥ ಏನೋ ಒಂದು ಜಿನುಗು. ಹಳೆಯ ಮೈಕಿಗೆ ತನ್ನದೇ ಎದೆಬಡಿತ ಇರುತ್ತದೆಂದು ಮಾರಿದವನು ಹೇಳಿದ್ದು ನೆನಪಾಯಿತು. ಎವರಾಲ್ಡನ ಮೈ ಜುಮ್ಮೆಂದಿತು. ಆ ಬಡಿತ ನಿಲ್ಲುವ ಮೊದಲೇ ಹಾಡಿಗೆ ಜಿಗಿದ. ಈಜುಕೊಳ, ಬೊಜ್ಜು, ತೊಗರಿಕಾಳು, ಒಣಗಿದ ನಲ್ಲಿ, ಎಲ್ಲ ಒಂದೇ ಉಸಿರಿಗೆ ಬಂತು. ಮುಗಿಯುವಾಗ ಪರ್ಮೀಲಿಯಾ ಅಳುತ್ತಿದ್ದಳು. ಲೆಬರ್ಟ್ ಗೋಡೆಯ ಕಡೆ ತಿರುಗಿ ನಿಂತಿದ್ದ. "ನಿನ್ನ ಬಾಯಲ್ಲಿ ನಮ್ಮ ನೋವು ಮಾತಾಡ್ತು ಮಗಾ" ಎಂದು ಮಿಸ್ ಐಸಿಲ್ಡಾ ಅವನ ತಲೆ ಸವರಿದಳು. ಹುಟ್ಟಿದಾಗಿನಿಂದ ಎವರಾಲ್ಡ್ ಅಷ್ಟು ಸುಖ ಕಂಡಿರಲಿಲ್ಲ.

ಹಾಸಿಗೆ ಸರಿಸಿ ಬಾಗಿಲು ತೆಗೆದರು.

ತಗಡಿನ ಬೇಲಿಯಾಚೆಯ ವಠಾರದಲ್ಲಿ ಒದ್ದೆ ಬಟ್ಟೆಗಳು ಸಾಲುಸಾಲಾಗಿ ತೂಗುತ್ತಿದ್ದವು. ಮಕ್ಕಳ ತಲೆಯಿಂದ ನೀರು ಇಳಿಯುತ್ತಿತ್ತು. ಅಂಗಳದ ತುಂಬ ತುಂಬಿದ ಡ್ರಮ್ಮು, ಬಕೆಟ್ಟು, ಬೋಸಿ. ಬೇಲಿಯ ಮೇಲಿಂದ ಆ ವಠಾರದ ವಿನೆಟ್ ಇಣುಕಿದಳು.

"ಎಲ್ಲಿ ಸತ್ತಿದ್ರಿ ಎಲ್ರೂ? ನೀರು ಬಂದಿತ್ತು. ಕೂಗಿ ಕೂಗಿ ಗಂಟ್ಲು ಹೋಯ್ತು. ಕೋಲು ತಗೊಂಡು ಬೇಲಿ ಬಡಿದೆ, ಧಂ ಧಂ ಅಂತ. ಒಂದು ನರಪಿಳ್ಳೆ ಇಲ್ಲ. ಈಗಷ್ಟೇ ಹೋಯ್ತು ನೋಡಿ."

ಮಿಸ್ ಐಸಿಲ್ಡಾ ನಲ್ಲಿಯ ಬಳಿ ಹೋಗಿ ತಿರುಗಿಸಿದಳು. ಒಂದು ಹನಿ ಬೋಗುಣಿಯ ಮೇಲೆ ಟಿಣ್ಣೆಂದು ಬಿತ್ತು. ಆಮೇಲೆ ಸುಯ್ಯ್.

ಯಾರೂ ಎವರಾಲ್ಡನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಾಹೇಬರು ಬರುವ ದಿನ ಕೊಳವೆಗೆ ನೀರು ಬಿಡುತ್ತಾರೆ, ಸಂಜೆ ಯಾರೂ ತುಟಿ ಬಿಚ್ಚದಿರಲೆಂದು ಬಿಡುತ್ತಾರೆ. ಇಷ್ಟು ದಿನ ಇವರ ಆಟ ಕಂಡ ನಮಗೆ ಅದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಥ್ಯಾಂಕ್ಸ್ ಹೇಳುವುದರಲ್ಲಿ ಮುಳುಗಿದ್ದೆವು.

ನಾಲ್ಕಕ್ಕೆ ಸ್ಟ್ಯಾಫರ್ಡ್ ಬಂದ. ಹೆಡ್‌ಫೋನು ಕಿವಿಗಿಟ್ಟು ಕೊನೆಯವರೆಗೂ ಕೇಳಿದ. ಡ್ರಮ್ಮು ಯಾರು ಬಾರಿಸಿದ್ದು ಎಂದು ಕೇಳಿದ. ವಿನೆಟ್ ಎಂದು ಹೇಳುವ ಧೈರ್ಯ ಎವರಾಲ್ಡನಿಗೆ ಬರಲಿಲ್ಲ.

"ಚೊಕ್ಕವಾಗಿದೆ" ಅಂದ ಸ್ಟ್ಯಾಫರ್ಡ್. "ಆದ್ರೆ ಇವತ್ತು ಹಾಕಕ್ಕಾಗಲ್ಲ ಕಣೋ. ಇಡೀ ಲೇನಿಗೆ ನೀರು ಬಂದಿದೆ. ನಮ್ಮಮ್ಮ ಚಮಚಾನೂ ಬಿಡದೆ ತುಂಬಿಸಿಟ್ಟಿದಾಳೆ. ಒದ್ದೆ ತಲೇಲಿ ಬಂದು ನಿಂತ ಜನಕ್ಕೆ ನೀರಿಲ್ಲ ಅಂತ ಹಾಡು ಹಾಕಿದ್ರೆ ನಗ್ತಾರೆ." ಎವರಾಲ್ಡನ ಮುಖ ನೋಡಿ ಅವನಿಗೇ ಕನಿಕರವಾಯಿತು. ಹಾಡನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, "ನಿನ್ನ ದನಿ ಪೆಟ್ಟಿಗೇಲಿ ಬರೋ ಹಾಗೆ ಏನಾದ್ರೂ ಮಾಡ್ತೀನಿ, ಮಾತು ಮಾತೇ" ಎಂದು ಹೋದ. ಎವರಾಲ್ಡ್ ಅವನಿಗೂ ಥ್ಯಾಂಕ್ಸ್ ಹೇಳಿದ.

ವಿನೆಟ್ ದೊಡ್ಡ ಮನಸ್ಸಿನವಳು. ತಮ್ಮ ಡ್ರಮ್ಮುಗಳಿಂದ ಹಂಚಿಕೊಳ್ಳುತ್ತೇವೆ, ಹೊತ್ತುಕೊಂಡು ಹೋಗಿ ಅಂದಳು. ಆದರೆ ಅವಳ ವಠಾರದ ಬಾಗಿಲು ಲೇನನ್ನು ಸುತ್ತಿಕೊಂಡು ಹೋದರೆ ಮಾತ್ರ ಸಿಗುತ್ತಿತ್ತು. ಹೊರುವವರು ಯಾರೆಂದು ಯಾರೂ ಕೇಳಲಿಲ್ಲ. ಸ್ಟುಡಿಯೋ ನೆಲಕ್ಕಿಳಿಯಿತು. ಕೈಗಾಡಿಯ ಮೇಲೆ ಖಾಲಿ ಡ್ರಮ್ಮು ಹತ್ತಿತು. ಎವರಾಲ್ಡ್ ತಳ್ಳಿದ.

ಹೊತ್ತು ಇಳಿಯುವಾಗ ಅವನು ನೀರು ತುಂಬಿದ ಗಾಡಿಯೊಂದಿಗೆ ವೇದಿಕೆಯ ಎದುರೇ ಸಿಕ್ಕಿಬಿದ್ದ. ಜನ ಕಿಕ್ಕಿರಿದಿದ್ದರು, ಅತ್ತ ಹೋಗುವಂತಿಲ್ಲ, ಇತ್ತ ಬರುವಂತಿಲ್ಲ. ಆಗಲೇ ಕೌನ್ಸಿಲರ್ ವೇದಿಕೆ ಹತ್ತಿದರು. ಆಗಲೇ ಪೆಟ್ಟಿಗೆಗಳು ಬಾಯಿ ಬಿಟ್ಟವು. ಧಂ, ಧಂ, ಧಂ. ಹಿಂದೆ ಜಲಜಲ ನೀರು. ಅದರ ಮೇಲೆ ಎವರಾಲ್ಡನ ದನಿ, ನೆಲ ನಡುಗುವ ಹಾಗೆ.

"ಥ್ಯಾಂಕ್ಸ್... ಥ್ಯಾಂಕ್ಸ್... ಕೊಟ್ಟವರ ಹೊಟ್ಟೆ ತಣ್ಣಗಿರಲಿ."

ಅಷ್ಟೇ. ಮೂವರ ಹೆಸರು ಮುಗಿದು ಈಜುಕೊಳದ ಹತ್ತಿರ ಬರುವ ಮುಂಚೆ ಕತ್ತರಿಸಿ, ಮತ್ತೆ ಮೊದಲಿಂದ. ಸ್ಟ್ಯಾಫರ್ಡ್ ಮಾತು ಉಳಿಸಿಕೊಂಡಿದ್ದ.

ಕೌನ್ಸಿಲರ್ ಎದೆಯ ಮೇಲೆ ಕೈಯಿಟ್ಟು ತಲೆಬಾಗಿದರು. ಮೈಕು ಹಿಡಿದು, ಒಂದು ದಿನ ನೀರು ಬಿಟ್ಟಿದ್ದಕ್ಕೆ ಹಾಡು ಕಟ್ಟುವ ಇಂಥ ಜನ ಇನ್ನೆಲ್ಲಿ ಸಿಗುತ್ತಾರೆ ಎಂದು ಕಣ್ಣೊರೆಸಿಕೊಂಡರು. ಲೇನಿಗೆ ಲಾರಿಯ ಅಗತ್ಯವೇ ಇಲ್ಲವೆಂದು ತಮಗೆ ಈಗ ಖಾತ್ರಿಯಾಯಿತು, ಆ ಲಾರಿಯನ್ನು ಇನ್ನೂ ಕಷ್ಟದಲ್ಲಿರುವವರಿಗೆ ಕಳಿಸುತ್ತೇನೆ ಎಂದರು. ಆಮೇಲೆ ಗುಡ್ಡದ ಹೋಟೆಲಿಗೆ ಊಟಕ್ಕೆ ಹೋದರು.

ಎವರಾಲ್ಡ್ ಗಾಡಿ ತಳ್ಳಿಕೊಂಡು ವಠಾರಕ್ಕೆ ಬಂದ, ಬೈಸಿಕೊಳ್ಳಲು ತಲೆ ತಗ್ಗಿಸಿ. ಅಲ್ಲಿ ಮೂವರೂ ಹೊಸ ಬಟ್ಟೆ ಹಾಕಿಕೊಂಡು, ಪೆಟ್ಟಿಗೆಗಳ ದಿಕ್ಕಿಗೆ ಕಿವಿಯಿಟ್ಟು ಕೂತಿದ್ದರು. ಮೂಲೆಯ ಅಂಗಡಿಯವನೇ ಖುದ್ದಾಗಿ ಬಂದು ಮಾಸ್ ಲೆಬರ್ಟನ ಕೈಕುಲುಕಿ ಹೋಗಿದ್ದನಂತೆ. ಸಿಸ್ಟರ್ ಎಂಬುದು ಸ್ಪಷ್ಟವಾಗಿ ಕೇಳಿಸಿತೆಂದು ಪರ್ಮೀಲಿಯಾ ಅವನಿಗೆ ಸುಟ್ಟ ದೀವಿಹಲಸಿನ ದೊಡ್ಡ ಹೋಳು ಕೊಟ್ಟಳು.

ಮಿಸ್ ಐಸಿಲ್ಡಾ ನಲ್ಲಿಯ ಪಕ್ಕ ಒಂದು ಸ್ಟೂಲು ಹಾಕಿಸಿದ್ದಳು. ಬೋಗುಣಿ ಅಲ್ಲಿರಲಿಲ್ಲ.

"ಹೆಸರು ಚೆನ್ನಾಗಿ ಕೂಗಿದ್ಯಪ್ಪ, ಹೊಟ್ಟೆ ತುಂಬ್ತು" ಅಂದಳು. "ಆ ಬೋಗುಣೀನ ವಿನೆಟ್‌ಗೆ ಕೊಟ್ಟೆ, ನೀರಿನ ಋಣಕ್ಕೆ. ಇನ್ನೊಂದು ಡ್ರಮ್ಮು ತಂದುಬಿಟ್ಟು ಬಂದು ಇಲ್ಲಿ ಕೂತ್ಕೋ. ಇನ್ಮೇಲೆ ನಮ್ಮ ಬೋಗುಣಿ ನೀನೇ."