ಅಣ್ಣನ ಅವರೆ, ನನ್ನ ಬದನೆ

ತಾಳವಾಡಿ ಸಂತೆಗೆ ಹೋಗಿ ತೆಪ್ಪಗೆ ತರಕಾರಿ ತಂದವರು ಇರಬಹುದು. ನಮ್ಮ ಮನೆಗೆ ಮಾತ್ರ ಚೀಲದ ಜೊತೆ ಒಂದು ಪ್ರಸಂಗವೂ ಬರುತ್ತಿತ್ತು. ಕಾರಣ ಇಷ್ಟೆ. ಆಸ್ತಿ ಪಾಲಾದಾಗ ಕೆಳಗಿನ ಅವರೆ ಹೊಲ ಅಣ್ಣನಿಗೆ ಹೋಯಿತು, ಬಾವಿ ಪಕ್ಕದ ಬದನೆ ತೋಟ ನನಗೆ ಬಂತು. ಅವ್ವ ನನ್ನ ಜೊತೆ ಇರುತ್ತೇನೆಂದಳು. ಅವತ್ತಿನಿಂದ ಅಣ್ಣನಿಗೂ ನನಗೂ ಮಾತಿಲ್ಲ. ಸಂತೆಯಲ್ಲಿ ಎದುರುಬದುರು ಗೋಣಿ ಹಾಸಿ ಕೂರುತ್ತಿದ್ದೆವು. ಅಣ್ಣ ಹೊಸದಾಗಿ ಕೊಂಡ ಮೊಬೈಲನ್ನು, ಟವರ್ರೇ ಸಿಗದ ಆ ಜಾಗದಲ್ಲಿ, ಕಿವಿಗಿಟ್ಟುಕೊಂಡು ನನಗೆ ಕೇಳುವ ಹಾಗೆ ಬೈಯುತ್ತಿದ್ದ.

ಅವ್ವನ ಮೂಗು

ಆ ಚಳಿಗಾಲ ಜ್ವರದಿಂದ ಎದ್ದ ಅವ್ವನಿಗೆ ಊಟ ಸೇರದಾಯಿತು. ಬೇಕೆಂದದ್ದು ಒಂದೇ, ಅವರೆಕಾಯಿ ಬದನೆಕಾಯಿ ಸಾರು. ಬದನೆ ಮನೆಯಲ್ಲೇ ಇತ್ತು. ಅವರೆಯನ್ನು ಜೀರಹಳ್ಳಿಯವಳೊಬ್ಬಳ ಹತ್ತಿರ ತಂದೆ. ಅವ್ವ ಒಂದು ಕಾಯಿ ಮೂಸಿ, "ಇದು ನಮ್ ಒಲದ್ದಲ್ಲ ಕಣ್ಲಾ" ಎಂದು ಮೊರ ತಳ್ಳಿದಳು. ಮುಂದಿನ ಸಂತೆಯಲ್ಲಿ ಹಾಸನೂರಿನವನ ಹತ್ತಿರ ತಂದೆ. ಮತ್ತೆ ಮೂಸಿದಳು. "ಇದು ರೋಡ್ ಪಕ್ಕದ್ದು, ಲಾರಿ ವಾಸ್ನೆ ಬತ್ತದೆ."

ಜ್ವರ ಅವ್ವನ ಹಸಿವು ತೆಗೆದುಕೊಂಡು ಹೋಗಿತ್ತು, ಮೂಗನ್ನು ಬಿಟ್ಟು ಹೋಗಿತ್ತು.

ಹೋಟ್ಲಿನವನ ಚೀಲ

ಅಣ್ಣನ ಮುಂದೆ ಚೀಲ ಹಿಡಿದು ನಿಲ್ಲುವುದಕ್ಕಿಂತ ಉಪವಾಸ ಮೇಲು ಅನ್ನುವವನು ನಾನು. ಉಪವಾಸ ಇದ್ದವಳು ಅವ್ವ. ಕೊನೆಗೆ ಸಂತೆ ಬೀದಿಯ ಸಣ್ಣ ಹೋಟ್ಲಿನವನಿಗೆ, "ನಿನಗೇ ಅಂತ ತಗೊಂಡು ಬಾ, ನನ್ ಯೆಸ್ರು ಎತ್ಬ್ಯಾಡ" ಎಂದೆ. ಅವನು ಅಣ್ಣನ ಅವರೆ ತಂದುಕೊಟ್ಟ, ತನ್ನ ಶ್ರಮಕ್ಕೆಂದು ಎರಡು ಹಿಡಿ ತೆಗೆದಿಟ್ಟುಕೊಂಡ. ಅವ್ವ ಮೂಸಿದಳು, ನಕ್ಕಳು, ತಾನೇ ಸುಲಿಯಲು ಕೂತಳು.

"ಯಾರ್ ತಾವ ತಂದ್ಯಲಾ?"

"ಯಾರೋ ತಮಿಳ್ನೋನು ಕಣವ್ವ."

"ಆ ತಮಿಳ್ನೋನ್ಗೆ ಯೇಳು, ಎಳೆಕಾಯಿ ಕೀಳ್ಬ್ಯಾಡ ಅಂತ. ಚಿಕ್ಕೋನಾಗಿದ್ದಾಗ್ಲಿಂದ್ಲೂ ಅವನ್ಗೆ ಆತ್ರ."

ಖಾಯಂ ಗಿರಾಕಿ

ಅದೇ ಹೋಟ್ಲಿನವನು ನನ್ನ ಬದನೆಗೂ ಖಾಯಂ ಗಿರಾಕಿಯಾದ. ಎಳೆಯದನ್ನೇ ಆರಿಸುತ್ತಿದ್ದ. ನನ್ನ ಬದನೆಯ ಗುಣ ಬಲ್ಲವನೊಬ್ಬ ಸಿಕ್ಕನೆಂದು ಬೀಗಿದೆ. ಒಂದು ದಿನ ನೋಡಿದರೆ ಅದನ್ನೆಲ್ಲ ಅತ್ತಿಗೆಯ ಚೀಲಕ್ಕೆ ಸುರಿಯುತ್ತಿದ್ದಾನೆ.

"ಏನಯ್ಯಾ ಇದು?" ಎಂದೆ.

"ನಿಮ್ಮಣ್ಣಾರೂ ಯೆಸ್ರು ಎತ್ಬ್ಯಾಡ ಅಂದವ್ರೆ. ನಾನೇನ್ ಮಾಡ್ಲಣ್ಣ?"

ಎರಡೂ ಕಡೆ ಎತ್ತಿಟ್ಟ ಹಿಡಿಯಿಂದ ಅವನ ಹೋಟ್ಲಿನ ಸಾರಿಗೆ ಊರಲ್ಲಿ ಹೆಸರು ಬಂತು. ಒಂದು ಸಂತೆಯ ದಿನ ಅವ್ವನೇ ಅಲ್ಲಿ ಬೆಂಚಿನ ಮೇಲೆ ಕೂತು ಉಣ್ಣುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು. "ಮನೇಲಿ ಇಕ್ಕಲ್ವಾ ನಾವು? ಮಾನ ಕಳೀತೀಯಲ್ಲವ್ವ!"

ಅವ್ವ ತಲೆಯನ್ನೂ ಎತ್ತಲಿಲ್ಲ. "ನಿನ್ ಮನೇಲಿ ಅವ್ನ ಯೆಸ್ರು ಎತ್ತಂಗಿಲ್ಲ, ಅವ್ನ ಮನೇಲಿ ನಿಂದು ಎತ್ತಂಗಿಲ್ಲ. ಇಲ್ಲಾದ್ರೆ ಇಬ್ರೂ ಒಂದೇ ಮಡ್ಕೇಲಿ ಬೇಯ್ತಾ ಇದೀರ."

ಕಾಗೆ

ಮರುವರ್ಷ ಅವರೆಕಾಯಿ ಕಾಲದಲ್ಲೇ ಅವ್ವ ಹೋದಳು. ತಿಥಿಯ ದಿನ ಸಮಾಧಿ ಮುಂದೆ ಅಣ್ಣನದೊಂದು ಎಲೆ, ನನ್ನದೊಂದು ಎಲೆ. ಎರಡರಲ್ಲೂ ಅವ್ವನಿಗೆ ಇಷ್ಟವಾದ ಅದೇ ಸಾರು. ಆ ದಿನಕ್ಕೂ ತರಕಾರಿ ದಾಟಿಸಿದವನು ಹೋಟ್ಲಿನವನೇ. ಎಡೆಯನ್ನು ಕಾಗೆ ಮುಟ್ಟಿದರೆ ಹೋದವರಿಗೆ ತೃಪ್ತಿ ಎಂದು ನಮ್ಮಲ್ಲಿ ನಂಬಿಕೆ. ಕಾಗೆಗಳು ಮರದ ಮೇಲೆ ಸಾಲಾಗಿ ಕೂತವು, ಒಂದೂ ಇಳಿಯಲಿಲ್ಲ. ಅಣ್ಣ ಆ ಕಡೆ ಕೈಮುಗಿದ, ನಾನು ಈ ಕಡೆ. ಬಿಸಿಲು ನೆತ್ತಿಗೆ ಬಂತು. ನನ್ನದನ್ನು ಬಿಟ್ಟು ಅವನ ಎಲೆ ಮುಟ್ಟಿಬಿಟ್ಟರೆ ನೆಂಟರ ಮುಂದೆ ಏನು ಗತಿ ಎಂಬ ಚಿಂತೆ ನನಗೆ. ಅವ್ವ ಸತ್ತ ಸಂಕಟವನ್ನೂ ಅದು ನುಂಗಿತ್ತು.

ಅಷ್ಟರಲ್ಲಿ ಹೋಟ್ಲಿನವನು ಹಿಡಿಕೆಯ ತೂಕುಪಾತ್ರೆಯಲ್ಲಿ ಸಾರು ಹಿಡಿದು ಓಡಿಬಂದ. "ನಂದೂ ಒಂದಿರ್ಲಿ, ಅವ್ವಾರು ಸಂತೆ ಸಂತೆಗೂ ಬತ್ತಿದ್ರು" ಎಂದು ಪಕ್ಕದಲ್ಲಿ ಒಂದೆಲೆ ಹಾಸಿ ಒಂದು ಸೌಟು ಸಾರು ಬಡಿಸಿದ. ಅವನು ಹಿಂದೆ ಸರಿದನೋ ಇಲ್ಲವೋ, ಕಾಗೆಗಳೆಲ್ಲ ಅದಕ್ಕೇ ಎರಗಿದವು.

ನಾವಿಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದೆವು. ಅಣ್ಣ ನನ್ನ ಕಡೆ ತಿರುಗಿದ. ಪಾಲಾದ ಮೇಲೆ ಅವನು ನನ್ನೊಂದಿಗೆ ಆಡಿದ ಮೊದಲ ಮಾತು ಅದು:

"ಅವ್ವ ಇವತ್ತೂ ಓಟ್ಲಲ್ಲೇ ಉಂಡ್ಳು ಕಣ್ಲಾ."