ಆರು ತಪ್ಪು ಮರಿಗಳು

ಬೋನಣ್ಣ ಇಲಿಗಳ ನೀರಿನ ಸೀಸೆ ತೊಳೆಯುತ್ತಿದ್ದ. ಪ್ರಯೋಗಾಲಯದ ಬೋನುಗಳನ್ನು ಹತ್ತೊಂಬತ್ತು ವರ್ಷದಿಂದ ನೋಡಿಕೊಳ್ಳುವವನಾದ್ದರಿಂದ ಅವನಿಗೆ ಆ ಹೆಸರು. ಒಂದು ದಿನವೂ ಚಿಲಕ ಮರೆತವನಲ್ಲ.

"ಬೋನಣ್ಣಾ, ಬಾ ಇಲ್ಲಿ!" ಮರಿ ಎಣಿಸುತ್ತಿದ್ದ ಮೇಡಂ ಕೂಗಿದರು. "ಇವುಗಳ ಅಜ್ಜ ಕಂದು, ಗುಂಗುರು ಕೂದಲು. ಅಜ್ಜಿ ಕಪ್ಪು, ನೇರ ಕೂದಲು. ಬಣ್ಣ, ಕೂದಲು ಮರಿಗಳಿಗೆ ಜೊತೆಯಾಗೇ ಇಳೀಬೇಕು. ನಲವತ್ತೆರಡು ಸರಿ ಇವೆ. ಈ ಆರು ನೋಡು! ಕಪ್ಪು ಮೈಗೆ ಗುಂಗುರು, ಕಂದು ಮೈಗೆ ನೇರ. ಯಾವ ಬೋನಿಂದ ನುಗ್ಗಿದ್ವು?"

"ನಾನ್ ಚಿಲಕ ಹಾಕಿದೀನಿ ಮೇಡಂ."

"ಹಾಗಾದ್ರೆ ಹಾರ್ಕೊಂಡ್ ಬಂದ್ವಾ? ಮಧ್ಯಾಹ್ನ ದೊಡ್ಡ ಸಾರ್ ಬರ್ತಾರೆ, ಅವರಿಗೇ ಹೇಳು."

ಸುದ್ದಿ ಕೇಳಿ ಗುಮಾಸ್ತ ಓಡಿಬಂದ. "ವಯಸ್ಸಾಯ್ತಲ್ಲ ಬೋನಣ್ಣ, ಗೇಟಿನ ಕೆಲಸ ಕೇಳ್ಕೋ. ಗೇಟು ದೊಡ್ಡದು, ಮುಚ್ಚಿದ್ಯೋ ಇಲ್ವೋ ಕಣ್ಣಿಗೆ ಕಾಣತ್ತೆ."

ಬೋನಣ್ಣ ಕುಕ್ಕರಿನಂತೆ ಸೀಟಿ ಹಾಕುವುದೊಂದು ಬಾಕಿ. "ಮರಿ ತಪ್ಪಾಗಿ ಹುಟ್ಟಿದ್ರೆ ನನ್ನನ್ಯಾಕೆ ಕೇಳ್ತೀರಿ? ಅದರ ಅಪ್ಪನ್ನ ಕೇಳಿ!"

ಎಲ್ಲರೂ ನಕ್ಕರು. ಹತ್ತೊಂಬತ್ತು ವರ್ಷದ ಮರ್ಯಾದೆ ಆರು ಇಲಿಮರಿಗಳ ಬಾಲಕ್ಕೆ ನೇತಾಡುತ್ತಿತ್ತು.

ಊಟದ ಹೊತ್ತಿಗೆ ಕೋಣೆ ಖಾಲಿಯಾಯಿತು. ಬೋನಣ್ಣ ಆ ಆರನ್ನೂ ಎತ್ತಿ ಪಕ್ಕದ ಕೋಣೆಯ ದೊಡ್ಡ ಬೋನಿಗೆ ಬಿಟ್ಟ. ಅಲ್ಲಿ ಎಲ್ಲ ಬಗೆಯ ಇನ್ನೂರು ಮರಿಗಳಿದ್ದವು. ಯಾವ ಮರಿಯ ಕಿವಿಗೂ ಇನ್ನೂ ಗುರುತು ಹಾಕಿರಲಿಲ್ಲ. ಆರೂ ಮೂಟೆಗೆ ಬಿದ್ದ ಅಕ್ಕಿಕಾಳಿನಂತೆ ಮಾಯವಾದವು.

ದೊಡ್ಡ ಸಾರ್ ಬಂದು ನಲವತ್ತೆರಡನ್ನೂ ನೋಡಿದರು. ಮುಖ ಸಪ್ಪಗಾಯಿತು. "ಒಂದೂ ಬೇರೆ ಥರ ಇಲ್ವೇನಮ್ಮ?"

"ಬೆಳಿಗ್ಗೆ ಆರು ತಪ್ಪು ಮರಿ ಇದ್ವು ಸಾರ್. ಇವನು ಚಿಲಕ..."

"ತಪ್ಪಾ? ಅವಕ್ಕೇ ಕಣಮ್ಮ ನಾನು ವರ್ಷದಿಂದ ಕಾದಿದ್ದು! ಬಣ್ಣದ್ದು, ಕೂದಲಿನದು, ಆ ಎರಡು ಜೀನು ಒಂದೇ ದಾರದ ಮಣಿ ಇದ್ದ ಹಾಗೆ. ಅಪರೂಪಕ್ಕೆ ಜೊತೆ ಬಿಡ್ತವೆ. ಎಷ್ಟು ಸಲ ಬಿಡ್ತವೋ ಅದರ ಮೇಲೆ ಅವುಗಳ ನಡುವಿನ ದೂರ ಗೊತ್ತಾಗತ್ತೆ. ನಮ್ಮ ಜೀನುಗಳ ನಕ್ಷೆಯೇ ಆ ಆರರ ಮೇಲೆ ನಿಂತಿದೆ. ಕಣ್ಣಾರೆ ನೋಡದೆ ನಾನು ಬರೆಯಲ್ಲ. ಎಲ್ಲಿ ಅವು?"

ಬೋನಣ್ಣ ಪಕ್ಕದ ಕೋಣೆಯತ್ತ ಕೈ ತೋರಿಸಿದ.

"ಬೆರೆಸಿದಾನೆ ಅಂತ ಬೆಳಿಗ್ಗೇನೇ ಹೇಳ್ಲಿಲ್ವಾ?" ಎಂದ ಗುಮಾಸ್ತ.

"ಬೆಳಿಗ್ಗೆ ಬೆರೆಸಿರ್ಲಿಲ್ಲ!" ಎಂದ ಬೋನಣ್ಣ.

ಆಗಲೇ ಎಲ್ಲರೂ ಇನ್ನೂರಾರು ಮರಿಗಳ ಮೇಲೆ ಬಗ್ಗಿದ್ದರು. ಅವನು ಆ ಆರು ಮೊದಲಿದ್ದ ಬೋನನ್ನು ಎತ್ತಿ ತಂದು ಅವರ ಬೆನ್ನ ಹಿಂದೆ ಹಿಡಿದು ನಿಂತ.

"ಈ ಚಿಲಕ ಒಂದ್ಸಲ ಎಳೆದು ನೋಡಿ ಸಾರ್."