ಕಂಪ್ಯೂಟರಿನ ಮೇಲೊಂದು ತಂಬಿಗೆ

ಒಂದು ಸುಳ್ಳನ್ನು ಸುಮಾರು ಮೂವತ್ತು ವರ್ಷದಿಂದ ಸಾಕಿಕೊಂಡು ಬಂದಿದ್ದೇನೆ. ಇವತ್ತು ಒಪ್ಪಿಕೊಳ್ಳುತ್ತೇನೆ: ನಮ್ಮ ಚಾಮರಾಜಪೇಟೆ ಮನೆಯ ಕಂಪ್ಯೂಟರನ್ನು ಸುಧಾರಿಸಿದ್ದು ನಾನಲ್ಲ.

ತೊಂಬತ್ತರ ದಶಕದ ಶುರು. ನಾನು ಪಿಯುಸಿ. ಸೋದರಮಾವ ಆಡಿ ಬೇಸತ್ತ ಹಳೇ ಕಂಪ್ಯೂಟರೊಂದನ್ನು ಕೆಲವು ದಿನಕ್ಕೆಂದು ಕೊಟ್ಟಿದ್ದ. ಬರೀ ಕೀಬೋರ್ಡ್, ಅದರ ಹೊಟ್ಟೆಯಲ್ಲೇ ಎಲ್ಲ. ಟೀವಿಗೆ ಸಿಕ್ಕಿಸಬೇಕು, ಟೇಪ್‌ರೆಕಾರ್ಡರಿನಿಂದ ಪ್ರೋಗ್ರಾಂ ಉಣಿಸಬೇಕು. ನಲವತ್ತೆಂಟು ಕೆಬಿ ನೆನಪು. ಈಗ ವಾಟ್ಸಾಪಿನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಗುಲಾಬಿ ಅದರಲ್ಲಿ ಹಿಡಿಯುವುದಿಲ್ಲ. ಆದರೂ ಗುಂಡಿ ಒತ್ತಿದರೆ ಟೀವಿಯಲ್ಲಿ ಅಕ್ಷರ ಮೂಡುತ್ತಿತ್ತಲ್ಲ, ನನಗೆ ಮೈ ಜುಮ್ಮೆನ್ನುತ್ತಿತ್ತು. ಕೆಮಿಸ್ಟ್ರಿ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಅದಕ್ಕೆ ಮಾಡಬೇಕಾದ ಸುಧಾರಣೆಗಳ ಚಿತ್ರ ಬರೆಯುತ್ತಿದ್ದೆ. ಹೆಚ್ಚುವರಿ ಮೆಮೊರಿ, ಎರಡನೇ ಪ್ರೊಸೆಸರ್, ಬಿಸಿ ಆರಿಸಲು ನಾಲ್ಕು ಫ್ಯಾನು. ಮೂವತ್ತೇಳು ಸುಧಾರಣೆ, ಎಲ್ಲವೂ ಪೆನ್ಸಿಲ್ಲಿನಲ್ಲಿ.

ಅಪ್ಪ ಕನ್ನಡ ಮೇಷ್ಟ್ರು. "ಇದಕ್ಕೆ ಕನ್ನಡ ಬರುತ್ತೇನೋ?" ಅಂದರು. "ಬರೋ ಹಾಗೆ ಮಾಡ್ಬೋದು" ಅಂದೆ. "ಹಂಗಾದ್ರೆ ಭಾನುವಾರದೊಳಗೆ ನಿಮ್ಮಮ್ಮನ ಹೆಸರು ತೋರ್ಸು. ಇಲ್ಲಾಂದ್ರೆ ವಾಪಸ್ಸು."

ಚುಕ್ಕಿ ಚುಕ್ಕಿ ಲೆಕ್ಕ ಹಾಕಿ ಪ್ರೋಗ್ರಾಂ ಬರೆದೆ. ಯಂತ್ರ ಒಂದೊಂದೇ ಚುಕ್ಕಿ ಇಡುತ್ತ 'ಸರೋ' ಮುಗಿಸುವ ಹೊತ್ತಿಗೆ ಕಾದು ಕೆಂಡವಾಗಿ ನಿಂತುಬಿಡುತ್ತಿತ್ತು. 'ಜ' ಬರಲೇ ಇಲ್ಲ. ಭಾನುವಾರ ಮಾವ ಕೈಚೀಲ ಹಿಡಿದು ಬಂದೇಬಿಟ್ಟ. ಅವನೆದುರೂ ಎರಡು ಸಲ ನಿಂತಿತು. "ಏನೇ ಸರೋ, ಕಾಫಿ ತಾರೇ" ಎಂದು ಅಪ್ಪ ರೇಗಿಸಿದರು. ನನಗೆ ಅಳುವೇ ಬಂತು.

ಅಮ್ಮ ಬಂದು, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಅದರ ಬೆನ್ನು ಮುಟ್ಟಿದಳು. "ಮೈ ಸುಡ್ತಿದೆಯಲ್ಲೋ ಪಾಪ!" ಎಂದು ಒಳಗೆ ಹೋಗಿ, ಹೂಜಿಯ ತಣ್ಣೀರು ತುಂಬಿದ ತಾಮ್ರದ ತಂಬಿಗೆ ತಂದು ಗುಂಡಿಗಳ ಹಿಂದೆ, ಆ ಸುಡುವ ಜಾಗದ ಮೇಲಿಟ್ಟಳು.

"ಅಯ್ಯೋ ಅಮ್ಮಾ, ಒಂದು ಹನಿ ಚೆಲ್ಲಿದ್ರೂ ಸತ್ತೋಗತ್ತೆ!"

"ಮದ್ವೆಯಾದಾಗಿಂದ ತುಂಬಿದ ತಂಬಿಗೆ ಹಿಡ್ಕೊಂಡು ಓಡಾಡ್ತಿದೀನಿ. ಯಾವತ್ತಾದ್ರೂ ಚೆಲ್ಲಿದೀನಾ? ಸುಮ್ನೆ ಒತ್ತು."

ಒತ್ತಿದೆ. ಸ... ರೋ... ಆಮೇಲೆ 'ಜ'ದ ಮೊದಲ ಚುಕ್ಕಿ, ಎರಡನೆಯದು, ಕೊನೆಗೆ ಪೂರ್ತಿ ಹೆಸರು. ಅಮ್ಮ ಗಾಜಿನ ಮೇಲೆ ಬೆರಳಾಡಿಸಿ, "ಥೇಟ್ ರಂಗೋಲಿ ಕಣೋ" ಅಂದಳು. ಅಪ್ಪ ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಮಾವ ಖಾಲಿ ಚೀಲ ಮಡಚಿಟ್ಟ.

ಮರುದಿನದಿಂದ ಅಪ್ಪ ಬೀದಿಗೆಲ್ಲ ಹೇಳಿಕೊಂಡು ಬಂದರು: "ನಮ್ ಹುಡುಗ ಏನೋ ಕೂಲಿಂಗ್ ಕಂಡುಹಿಡ್ದಿದಾನೆ!" ನಾನು ಅಲ್ಲವೆನ್ನಲಿಲ್ಲ. ನೋಟ್‌ಬುಕ್ಕಿನಲ್ಲಿ ಮೂವತ್ತೆಂಟನೇ ಸುಧಾರಣೆಯಾಗಿ ತಂಬಿಗೆಯ ಚಿತ್ರ ಬರೆದು, ಕೆಳಗೆ ನನ್ನ ಸಹಿ ಹಾಕಿದೆ.

ಇದನ್ನು ಟೈಪ್ ಮಾಡುತ್ತಿರುವಾಗ ಲ್ಯಾಪ್‌ಟಾಪು ಕಾದು ಗುರ್ರೆನ್ನುತ್ತಿದೆ. "ತಂಬಿಗೆ ತರ್ಲೇನೋ?" ಎಂದು ಅಮ್ಮ ಕೇಳಿದಳು. ಈಗಿನವು ಬೇರೆ ಥರ ಎಂದು ಹತ್ತು ನಿಮಿಷ ವಿವರಿಸಿದೆ. ಅವಳು ಅತ್ತ ಹೋದ ಮೇಲೆ ಮೆಲ್ಲಗೆ ಎದ್ದು ನಾನೇ ತಂದಿಟ್ಟುಕೊಂಡೆ. ಚೆಲ್ಲಿತು. ಉಳಿದದ್ದನ್ನು ಫೋನಿನಲ್ಲಿ ಬರೆದು ಮುಗಿಸಿದ್ದೇನೆ.